ಅಡ್ರಿನಲ್ ಗಡ್ಡೆ: ಮೊದಲು ಮೂತ್ರ, ಆಮೇಲೆ ವಂಶವಾಹಿ

ಪ್ರಶ್ನೆ: ನನಗೆ 43 ವರ್ಷ, ಮೂಡಿಗೆರೆ ಬಳಿ ಕಾಫಿ ತೋಟವಿದೆ. ಮೂತ್ರಪಿಂಡದ ಕಲ್ಲಿಗೆಂದು ಹಾಸನದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಮೂತ್ರಪಿಂಡದ ಮೇಲಿರುವ, ಬಲಗಡೆಯ ಅಡ್ರಿನಲ್ ಗ್ರಂಥಿಯಲ್ಲಿ 3 ಸೆಂ.ಮೀ. ಗಡ್ಡೆ ಕಂಡಿತು. ಎರಡು ಬಗೆಯ ಮಾತ್ರೆ ನುಂಗಿದರೂ ರಕ್ತದೊತ್ತಡ ಇಳಿಯುತ್ತಿಲ್ಲ. ಆಗಾಗ ತಲೆನೋವು, ಎದೆಬಡಿತ, ವಿಪರೀತ ಬೆವರು. ವೈದ್ಯರು 24 ಗಂಟೆಯ ಮೂತ್ರ ಪರೀಕ್ಷೆ, ಬೇಕಾದರೆ ವಂಶವಾಹಿ ಪರೀಕ್ಷೆ ಎನ್ನುತ್ತಾರೆ. ನಮ್ಮ ಮನೆತನದಲ್ಲಿ ಯಾರಿಗೂ ಇಂಥದ್ದಿಲ್ಲ. ಸೂಜಿ ಹಾಕಿ ತುಣುಕು ತೆಗೆದು ನೋಡಿದರೆ ಸಾಲದೆ?

ಉತ್ತರ: ಸೂಜಿಯ ಮಾತು ಸದ್ಯಕ್ಕೆ ಬೇಡವೇ ಬೇಡ. ನೀವು ಹೇಳುವ ಮೂರು ಲಕ್ಷಣಗಳು ಕೂಡಿ ಬಂದಾಗ ಮೊದಲ ಅನುಮಾನ ಫಿಯೋಕ್ರೊಮೊಸೈಟೋಮಾ ಎಂಬ ಗಡ್ಡೆಯ ಮೇಲೆ. ಅದನ್ನು ಚುಚ್ಚಿದರೆ ಅಡ್ರಿನಲಿನ್ ಬಗೆಯ ಹಾರ್ಮೋನುಗಳು ಒಮ್ಮೆಲೇ ರಕ್ತಕ್ಕೆ ನುಗ್ಗಿ ಪ್ರಾಣಕ್ಕೇ ಕುತ್ತು ತರಬಹುದು.

ಈ ಹಾರ್ಮೋನುಗಳು ಬಿಟ್ಟುಬಿಟ್ಟು ಹೊರಬೀಳುವುದರಿಂದ ಅವನ್ನೇ ಅಳೆಯಹೊರಟರೆ ಕೈತಪ್ಪುವುದುಂಟು. ಆದರೆ ಗಡ್ಡೆಯ ಜೀವಕೋಶದೊಳಗೆ ಅವು ಮೆಟಾನೆಫ್ರಿನ್, ನಾರ್‌ಮೆಟಾನೆಫ್ರಿನ್ ಆಗಿ ಸದಾ ಮಾರ್ಪಡುತ್ತಲೇ ಇರುತ್ತವೆ. ಮೂತ್ರದಲ್ಲಿ ಹುಡುಕುವುದು ಇವನ್ನು. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ, ಅಲ್ಲಿಂದ ಮರುದಿನದ ಮೊದಲ ಮೂತ್ರದವರೆಗೆ ಎಲ್ಲವನ್ನೂ ಪ್ರಯೋಗಾಲಯ ಕೊಟ್ಟ ಡಬ್ಬದಲ್ಲಿ ಸಂಗ್ರಹಿಸಿ. ತೋಟಕ್ಕೆ ಹೋದಾಗ ಒಂದು ಸಲ ಮರೆತರೂ ಲೆಕ್ಕ ಕೆಡುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳು ಮತ್ತು ಕೆಲವು ಪರೀಕ್ಷಾ ವಿಧಾನಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಫಲಿತಾಂಶವನ್ನು ಕೆಡಿಸಬಲ್ಲವು. ನುಂಗುವ ಮಾತ್ರೆಗಳೆಲ್ಲವನ್ನೂ ವೈದ್ಯರಿಗೆ ತಿಳಿಸಿ, ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಕಾಫಿಯನ್ನೂ ಬಿಡಲು ಹೇಳಬಹುದು. ಬೆಳೆಗಾರರಿಗೆ ಇದು ಕಷ್ಟವೇ, ಆದರೂ ಬಿಡಿ.

ವಂಶವಾಹಿ ಪರೀಕ್ಷೆಯ ಮಾತು ಬರುವುದು ಫಿಯೋಕ್ರೊಮೊಸೈಟೋಮಾ ಖಚಿತವಾದ ಮೇಲೆ. ಇಂಥ ಗಡ್ಡೆಯಿರುವವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಹುಟ್ಟಿನಿಂದ ಬಂದ ದೋಷವಿರುತ್ತದೆ; ಅದನ್ನು ತಿಳಿಯಲು ರಕ್ತವೇ ಸಾಕು. ಮನೆತನದಲ್ಲಿ ಯಾರಿಗೂ ಇಲ್ಲವೆಂಬುದು ಭರವಸೆಯಲ್ಲ. ಎಸ್‌ಡಿಎಚ್‌ಡಿ ಎಂಬ ವಂಶವಾಹಿಯ ದೋಷ ಸಾಮಾನ್ಯವಾಗಿ ತಂದೆಯಿಂದ ಬಂದಾಗ ಮಾತ್ರ ರೋಗವಾಗುತ್ತದೆ. ತಾಯಿಯಿಂದ ಬಂದರೆ ಒಂದು ತಲೆಮಾರು ಸುಮ್ಮನಿರುತ್ತದೆ. ಎಸ್‌ಡಿಎಚ್‌ಬಿ ವಂಶವಾಹಿಯಲ್ಲಿ ದೋಷವಿದ್ದರೆ ಗಡ್ಡೆ ಬೇರೆಡೆಗೆ ಹರಡುವ ಭಯ ಹೆಚ್ಚು, ಬದುಕಿಡೀ ತಪಾಸಣೆ ಬೇಕು. ಆರ್‌ಇಟಿ ವಂಶವಾಹಿಯಲ್ಲಿ ದೋಷವಿದ್ದರೆ ಥೈರಾಯ್ಡ್ ಕ್ಯಾನ್ಸರನ್ನೂ ಹುಡುಕಬೇಕು. ದೋಷ ಸಿಕ್ಕರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆಯಾಗಬೇಕು. ನನ್ನ ದೃಷ್ಟಿಯಲ್ಲಿ ಆ ಖರ್ಚಿಗೆ ಇದೇ ದೊಡ್ಡ ಸಮರ್ಥನೆ.

ಮೂತ್ರದ ವರದಿ ಸಹಜವಾಗಿದ್ದರೆ ಅಡ್ರಿನಲ್ ಗ್ರಂಥಿಯ ಬೇರೆ ಹಾರ್ಮೋನುಗಳಾದ ಕಾರ್ಟಿಸೋಲ್, ಆಲ್ಡೋಸ್ಟೆರೋನ್ ಕಡೆಗೆ ನೋಡಬೇಕು. ಮೂತ್ರದಲ್ಲಿ ಮೆಟಾನೆಫ್ರಿನ್ ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆಗೆ ಆತುರ ಬೇಡ: ಕನಿಷ್ಠ 7ರಿಂದ 14 ದಿನ ರಕ್ತನಾಳಗಳನ್ನು ಸಡಿಲಿಸುವ ಆಲ್ಫಾ ಬ್ಲಾಕರ್ ಮಾತ್ರೆ ಕೊಟ್ಟು ರಕ್ತದೊತ್ತಡ ಹತೋಟಿಗೆ ಬಂದ ಮೇಲೆಯೇ ಗಡ್ಡೆ ತೆಗೆಯುವುದು. ಎದೆಬಡಿತಕ್ಕೆಂದು ಯಾರಾದರೂ ಆಲ್ಫಾ ಬ್ಲಾಕರಿಗೂ ಮೊದಲೇ ಬೀಟಾ ಬ್ಲಾಕರ್ ಬರೆದುಕೊಟ್ಟರೆ, ನುಂಗುವ ಮುಂಚೆ ಹಾರ್ಮೋನು ತಜ್ಞರನ್ನು ಕೇಳಿ.