ಯುರೋಪಿನಲ್ಲಿ ಪುಸ್ತಕ ಮುದ್ರಣವೇ ಇಲ್ಲದ ಕಾಲದಲ್ಲಿ ಫ್ರಾನ್ಸಿನ ಲೇಖಕಿ ಕ್ರಿಸ್ಟೀನ್ ದ ಪಿಜಾನ್ ಬರೆದು ಬದುಕಿದ್ದು ಹೇಗೆ?

ಪುಸ್ತಕಗಳನ್ನು ರಾಣಿ, ಡ್ಯೂಕರಂಥ ಪೋಷಕರಿಗೆ ಅರ್ಪಿಸಿ, ಅವರು ಕೊಟ್ಟ ಹಣದಲ್ಲಿ. ವೆನಿಸ್‌ನಲ್ಲಿ 1364ರ ಸುಮಾರಿಗೆ ಹುಟ್ಟಿದ ಕ್ರಿಸ್ಟೀನ್ ಬೆಳೆದದ್ದು ಪ್ಯಾರಿಸ್ಸಿನಲ್ಲಿ. ತಂದೆ ಫ್ರಾನ್ಸಿನ ದೊರೆ ಐದನೇ ಚಾರ್ಲ್ಸ್‌ನ ಆಸ್ಥಾನ ಜ್ಯೋತಿಷಿ. ಇಪ್ಪತ್ತೈದರ ಹೊತ್ತಿಗೇ ಗಂಡ ತೀರಿಕೊಂಡ. ಮೂವರು ಮಕ್ಕಳು, ತಾಯಿ ಎಲ್ಲರ ಹೊಣೆ ಆಕೆಯ ಹೆಗಲಿಗೆ ಬಿತ್ತು. ಗಂಡನಿಗೆ ಬರಬೇಕಿದ್ದ ದುಡ್ಡಿಗಾಗಿ ವರ್ಷಗಟ್ಟಲೆ ಕೋರ್ಟು ಅಲೆದಳು.

ಆಗ ಪ್ರತಿ ಪುಸ್ತಕವೂ ಕೈಬರಹದ್ದೇ. ಅರ್ಪಿಸಿದವರಿಗೆ ಹಣವನ್ನೋ ಉಡುಗೊರೆಯನ್ನೋ ಕೊಡುವುದು ರೂಢಿ. ಆಕೆಯ ಜಾಣ್ಮೆಗೆ ನಾನು ತಲೆದೂಗುವುದು ಇಲ್ಲೇ: ಒಂದೇ ಕೃತಿಯ ಹಲವು ಪ್ರತಿಗಳನ್ನು, ನಕಲು, ಚಿತ್ರ ಎಲ್ಲವನ್ನೂ ತಾನೇ ಮುಂದೆ ನಿಂತು ಮಾಡಿಸಿ, ಬೇರೆ ಬೇರೆ ಪೋಷಕರಿಗೆ ತಲುಪಿಸುತ್ತಿದ್ದಳು. ಫ್ರಾನ್ಸಿನ ರಾಣಿ ಇಸಬೋಗೆ ಕೊಟ್ಟ ಸಂಪುಟದ ಚಿತ್ರದಲ್ಲಿ ನೀಲಿ ಉಡುಪಿನ ಕ್ರಿಸ್ಟೀನ್ ಮೊಣಕಾಲೂರಿ ಕೆಂಪು ಹೊದಿಕೆಯ ದಪ್ಪ ಪುಸ್ತಕ ನೀಡುತ್ತಿದ್ದಾಳೆ. ಆ ಸಂಪುಟ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.