ಶಿರಸಿಯ ತಾಳಮದ್ದಳೆ ಕೂಟದಲ್ಲಿ ಹೊಸಬನೊಬ್ಬ ಎಲ್ಲರೊಂದಿಗೆ ಹೊಂದಿಕೊಳ್ಳುವುದು ಹೇಗೆ?

ನೌಕರಿಯ ನಿಮಿತ್ತ ಬಯಲುಸೀಮೆಯಿಂದ ಶಿರಸಿಗೆ ಬಂದು ಹವ್ಯಾಸಿ ತಾಳಮದ್ದಳೆ (ಕುಳಿತು ನಡೆಸುವ ಯಕ್ಷಗಾನ) ಕೂಟವೊಂದನ್ನು ಸೇರಿದ್ದೀರಿ. ಸಭೆಯಲ್ಲಿ ನಿಮ್ಮ ಸಲಹೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಎದುರಿಗೆ ‘ಆಗಲಿ’ ಎಂದವರು ಹೊರಗೆ ಬೇರೆಯದನ್ನೇ ಆಡುತ್ತಾರೆ, ಇವರೊಂದಿಗೆ ಹೊಂದಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಇದೇ ಸೀಮೆಯ ಇಂಥದೊಂದು ಕೂಟದಲ್ಲಿ ಬಹುಕಾಲದಿಂದ ಇದ್ದು, ಅದರ ಲೆಕ್ಕಪತ್ರವನ್ನೂ ನೋಡಿಕೊಳ್ಳುತ್ತಿರುವವನಾಗಿ ಉತ್ತರಿಸುತ್ತಿದ್ದೇನೆ. ಎಲ್ಲರಿಗೂ ಬೇಕಾದವರಾಗಬೇಕೆಂಬ ಆಸೆಯನ್ನು ಮೊದಲು ಬಿಟ್ಟುಬಿಡಿ. ಭಿನ್ನಾಭಿಪ್ರಾಯಕ್ಕೆ ಒಂದು ಜಾಗ, ಒಂದು ಹೊತ್ತು, ಅದನ್ನು ನಿಲ್ಲಿಸಬಲ್ಲ ಒಬ್ಬ ವ್ಯಕ್ತಿ ಇದ್ದರೆ, ಒಬ್ಬರಿಗೊಬ್ಬರು ಅಷ್ಟೇನೂ ಹಿಡಿಸದವರೂ ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಬಲ್ಲರು.

ನೀವು ಸೇರಿರುವ ಕಲೆಯಲ್ಲಿಯೇ ಈ ಏರ್ಪಾಡು ಇದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಆಗಿಂದಾಗಲೇ ಮಾತು ಕಟ್ಟುತ್ತಾರೆ. ನಮ್ಮಲ್ಲಿ ಒಮ್ಮೆ ‘ಕೃಷ್ಣಸಂಧಾನ’ ನಡೆದಾಗ, ತೋಟದ ಬೇಲಿಯ ವಿಷಯದಲ್ಲಿ ನೆಟ್ಟಗೆ ಮಾತಿಲ್ಲದ ಇಬ್ಬರು ಕೃಷ್ಣ-ಕೌರವರಾಗಿ ಎದುರುಬದುರು ಕುಳಿತಿದ್ದರು. ಪಾಂಡವರಿಗೆ ಐದು ಊರುಗಳನ್ನಾದರೂ ಕೊಡು ಎಂಬಲ್ಲಿಗೆ ಬರುವಷ್ಟರಲ್ಲಿ ವಾದ ಹಸ್ತಿನಾವತಿಯಿಂದ ಹೊರಟು ಬೇಲಿಗೆ ಬಂದು ತಲುಪಿತ್ತು. ಭಾಗವತರು ಯಾರನ್ನೂ ಗದರಲಿಲ್ಲ, ಬುದ್ಧಿ ಹೇಳಲಿಲ್ಲ. ತಾಳ ತಟ್ಟಿ ಮುಂದಿನ ಪದ್ಯವನ್ನು ಎತ್ತಿದರು. ಪದ್ಯ ಶುರುವಾದ ಮೇಲೆ ಎಷ್ಟೇ ದೊಡ್ಡ ಅರ್ಥಧಾರಿಯಾದರೂ ಮಾತು ನಿಲ್ಲಿಸಲೇಬೇಕು. ಕೂಟ ಮುಗಿದು ಕಷಾಯ ಬಂದಾಗ ಕೌರವನೇ ಕವಳದ (ಎಲೆಯಡಿಕೆಯ) ಬಟ್ಟಲನ್ನು ಕೃಷ್ಣನ ಕಡೆಗೆ ಸರಿಸಿದರು. ಬೇಲಿಯ ತಕರಾರು ಇಂದಿಗೂ ಬಗೆಹರಿದಿಲ್ಲ; ಆದರೆ ಇಬ್ಬರೂ ಕೂಟ ತಪ್ಪಿಸುವುದಿಲ್ಲ.

ಆದ್ದರಿಂದ ನಿಮ್ಮ ಸಭೆಯಲ್ಲಿ ಮಾತನ್ನು ಹೀಗೆ ಕೊನೆಗಾಣಿಸುವವರು ಯಾರೆಂದು ಗಮನಿಸಿ. ಅವರು ಅಧ್ಯಕ್ಷರೇ ಆಗಿರಬೇಕೆಂದಿಲ್ಲ. ಸಾಮಾನ್ಯವಾಗಿ ಯಾವ ಹುದ್ದೆಯೂ ಬೇಡವೆಂದ ಹಿರಿಯರೊಬ್ಬರಾಗಿರುತ್ತಾರೆ. ಹೊಸ ಸಲಹೆಯನ್ನು ಸಭೆಗೆ ತರುವ ಮೊದಲು ಅವರ ಕಿವಿಗೆ ಹಾಕಿ. ಆಕ್ಷೇಪವಿದ್ದರೆ ಸಭೆಯಲ್ಲೇ ಹೇಳಿ, ಆದರೆ ಕೆಲಸದ ಬಗ್ಗೆ ಹೇಳಿ. ‘ಮಳೆಗಾಲದಲ್ಲಿ ಇಷ್ಟು ತಡವಾದರೆ ದೂರದ ಕೇರಿಯವರು ಮನೆ ಸೇರುವುದು ಹೇಗೆ?’ ಎಂದರೆ ಉತ್ತರ ಸಿಗುತ್ತದೆ. ‘ನಿಮಗೆ ಹೊತ್ತಿನ ಪರಿವೆಯೇ ಇಲ್ಲ’ ಎಂದರೆ ಜಗಳ ಸಿಗುತ್ತದೆ. ಎದುರಿಗೆ ಒಪ್ಪಿ ಹಿಂದೆ ಹಿಂಜರಿಯುವುದನ್ನು ಕಪಟವೆಂದು ಭಾವಿಸಬೇಡಿ. ಮುಖ ಮುರಿದಂತೆ ‘ಇಲ್ಲ’ ಎನ್ನಲು ನಮ್ಮ ಕಡೆಯವರಿಗೆ ಸಂಕೋಚ ಹೆಚ್ಚು. ಯಾರು, ಯಾವಾಗ ಮಾಡುತ್ತಾರೆ ಎಂಬುದನ್ನು ಆಗಲೇ ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿದರೆ ನಿಜವಾದ ಒಪ್ಪಿಗೆ ಯಾವುದೆಂದು ತಿಳಿಯುತ್ತದೆ.

ಸಂಘಗಳು ಒಡೆಯುವುದು ಅಭಿಪ್ರಾಯಭೇದಕ್ಕಿಂತ ಹೆಚ್ಚಾಗಿ ಹಣಕ್ಕೆ. ಈ ವಿಷಯದಲ್ಲಿ ಘಟ್ಟದ ಮೇಲಿನ ನಾವು ಕಾರವಾರ, ಅಂಕೋಲೆಗಳ ಮೀನುಗಾರರಿಂದ ಕಲಿಯುವುದಿದೆ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು (ಮೀನಿನ ಹಿಂಡನ್ನು ಸುತ್ತುವ ಬಲೆಯ ಯಂತ್ರದೋಣಿಗಳು) ಬರುವವರೆಗೂ ಕರಾವಳಿಯಲ್ಲಿ ಪ್ರಬಲವಾಗಿದ್ದ ರಂಪಣಿ ಮೀನುಗಾರಿಕೆಯಲ್ಲಿ, ದೋಣಿಯಿಂದ ಕಡಲಿಗೆ ಬಿಟ್ಟ ದೊಡ್ಡ ಬಲೆಯ ಎರಡೂ ತುದಿಗಳನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು. ಬಂಗಡೆಯೋ ತಾರಲೆಯೋ ಬಿದ್ದಾಗ ಬಲೆಗೆ ಒಂದು ಪಾಲು, ದೋಣಿಗೆ ಒಂದು ಪಾಲು, ಎಳೆದವರಿಗೆ ಅವರವರ ಪಾಲು ಎಂಬ ಕಟ್ಟಳೆ ಮೊದಲೇ ಇರುತ್ತಿತ್ತು. ಮೀನು ಬಿದ್ದ ಮೇಲೆ ಪಾಲಿನ ಚರ್ಚೆಗೆ ಕುಳಿತರೆ ಏನಾಗುತ್ತದೆಂಬುದನ್ನು ವಿವರಿಸಬೇಕಿಲ್ಲ. ನಿಮ್ಮ ಕೂಟದಲ್ಲಿಯೂ ಹಿಮ್ಮೇಳದವರಿಗೆ ಎಷ್ಟು, ಅತಿಥಿ ಅರ್ಥಧಾರಿಗೆ ಎಷ್ಟು, ವಾಹನದ ಖರ್ಚು ಯಾರದು ಎಂಬುದು ವರ್ಷದ ಮೊದಲೇ ತೀರ್ಮಾನವಾಗಲಿ.

ಸಣ್ಣ ಕೆಲಸಗಳನ್ನು ಕೇಳಿ ಪಡೆಯಿರಿ. ಜಮಖಾನ ಹಾಸುವುದು, ಮದ್ದಳೆಯವರನ್ನು ರಾತ್ರಿ ಮನೆಗೆ ಬಿಟ್ಟು ಬರುವುದು ಮುಂತಾದವುಗಳಿಗೆ ಇಲ್ಲಿ ಭಾಷಣಕ್ಕಿಂತ ಹೆಚ್ಚು ಬೆಲೆಯಿದೆ. ಯಾರಾದರೂ ಹಿಂದಿನಿಂದ ಆಡಿದ್ದು ಕಿವಿಗೆ ಬಿದ್ದರೆ ಮೂರನೆಯವರ ಮೂಲಕ ಉತ್ತರ ಕಳುಹಿಸದೆ, ನೇರವಾಗಿ ಅವರ ಮನೆಗೇ ಹೋಗಿ. ಬಂದವರನ್ನು ಕೂರಿಸಿ ಏನಾದರೂ ಕುಡಿಯಲು ಕೊಡದೆ ಕಳುಹಿಸುವ ರೂಢಿ ನಮ್ಮಲ್ಲಿಲ್ಲ, ಅಷ್ಟರಲ್ಲಿ ಅರ್ಧ ವಿಷಯ ಇತ್ಯರ್ಥವಾಗಿರುತ್ತದೆ.

ಇಷ್ಟೆಲ್ಲ ಮಾಡಿಯೂ, ಕೇಳಿದಾಗ ಲೆಕ್ಕ ತೋರಿಸದಿದ್ದರೆ, ಅಥವಾ ನಿಮ್ಮ ಜಾತಿಯನ್ನೋ ಬಯಲುಸೀಮೆಯ ಮಾತನ್ನೋ ಪದೇ ಪದೇ ಹಂಗಿಸುವುದು ನಿಲ್ಲದಿದ್ದರೆ, ಅಲ್ಲಿ ಹೊಂದಿಕೊಳ್ಳುವ ಹೊಣೆ ನಿಮ್ಮದಲ್ಲ. ನಿಮ್ಮ ಕೈಯಲ್ಲಿರುವ ಪುಸ್ತಕ, ಹಣ, ಬೀಗದ ಕೈಗಳನ್ನು ಬರವಣಿಗೆಯಲ್ಲಿ ಒಪ್ಪಿಸಿ ಹೊರಬನ್ನಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಕೂಟಗಳಿಗೇನೂ ಬರವಿಲ್ಲ.