ಸಂಪಾದಕರ ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದವರಿಗೆ ತಿಳಿಯಲೆಂದು ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಮರ್ಯಾದೆಯ ಹೆಸರಿನಲ್ಲಿ ನಡೆಯುವ ಹಿಂಸೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಆರು ಪುಟ ಬರೆದೆವು. ಅದರಲ್ಲಿ ಒಬ್ಬ ಗಂಡಸಿನ ಕಥೆಯೂ ಇರಲಿಲ್ಲ. ನೀವು ಪ್ರೀತಿಸಿದ ಹುಡುಗಿಯ ಅಣ್ಣಂದಿರು ನಿಮ್ಮ ಕಾಲು ಮುರಿದರು. ದೂರು ಕೊಡಲು ಠಾಣೆಗೆ ಹೋದರೆ ‘ಹುಡುಗಿ ಹಿಂದೆ ಹೋದ್ರೆ ಇನ್ನೇನಾಗುತ್ತೆ’ ಎಂದು ಪೊಲೀಸರು ನಕ್ಕರು. ‘ನನ್ನ ನೋವು ನಿಮ್ಮ ಲೆಕ್ಕಕ್ಕೆ ಬರೋದಿಲ್ವಾ?’ ಎಂದು ಕೇಳಿದ್ದೀರಿ.

ಬರುತ್ತದೆ. ಬಿಟ್ಟದ್ದು ನಮ್ಮ ತಪ್ಪು.

ಲೆಕ್ಕದ ಮಾತನ್ನೇ ಮೊದಲು ನೋಡೋಣ. ‘ಜಗತ್ತಿನಲ್ಲಿ ವರ್ಷಕ್ಕೆ 5,000 ಮರ್ಯಾದೆ ಹತ್ಯೆ’ ಎಂದು ನಾವು ಅಚ್ಚು ಹಾಕಿದ್ದೆವು. ಅದು 2000ದಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಕೊಟ್ಟ ಅಂದಾಜು. ಹೆಂಗಸರು ಮತ್ತು ಹುಡುಗಿಯರ ಅಂದಾಜು ಮಾತ್ರ. ಅವರ ಜೊತೆಯಲ್ಲೇ ಸತ್ತ ಹುಡುಗರು ಅದರಲ್ಲಿ ಇಲ್ಲವೇ ಇಲ್ಲ. ಅಂದಿನಿಂದ ಎಲ್ಲರೂ ಅದನ್ನೇ ನಕಲು ಹೊಡೆಯುತ್ತಿದ್ದಾರೆ, ನಾವೂ ಹೊಡೆದೆವು.

ಆದರೆ ನಿಮ್ಮ ಇನ್ನೊಂದು ಮಾತನ್ನು ನಾನು ಒಪ್ಪುವುದಿಲ್ಲ. ‘ಗಂಡಿರಲಿ ಹೆಣ್ಣಿರಲಿ, ಏಟು ಏಟೇ’ ಎಂದಿದ್ದೀರಿ. ಏಟು ಒಂದೇ ಇರಬಹುದು. ಅದು ಯಾವ ಕಡೆಯಿಂದ ಬರುತ್ತದೆ ಅನ್ನೋದು ಒಂದೇ ಅಲ್ಲ.

ಇಟಲಿಯ ದಂಡಸಂಹಿತೆಯಲ್ಲಿ 587ನೇ ಕಲಂ ಅಂತ ಒಂದಿತ್ತು. ಅದು ರದ್ದಾದದ್ದು 1981ರಲ್ಲಿ. ಅಕ್ರಮ ಸಂಬಂಧ ಗೊತ್ತಾದಾಗ ಸಿಟ್ಟಿನ ಭರದಲ್ಲಿ ಬಾಳಸಂಗಾತಿಯನ್ನೋ ಮಗಳನ್ನೋ ಅಕ್ಕತಂಗಿಯನ್ನೋ ಕೊಂದರೆ ಮೂರರಿಂದ ಏಳು ವರ್ಷ ಜೈಲು, ಅಷ್ಟೇ. ಅವಳ ಜೊತೆಗಿದ್ದವನನ್ನು ಕೊಂದರೂ ಅದೇ ರಿಯಾಯಿತಿ. ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮಗಳಿದ್ದಾಳೆ, ಮಗನಿಲ್ಲ. ಅಕ್ಕತಂಗಿಯರಿದ್ದಾರೆ, ಅಣ್ಣತಮ್ಮಂದಿರಿಲ್ಲ. ಪ್ರೀತಿಸಿದ ಗಂಡಸು ಅಲ್ಲಿ ಬರುವುದು ‘ಜೊತೆಗಿದ್ದವನು’ ಎಂದು, ಹೊರಗಿನವನಾಗಿ. ಇದನ್ನು ಯಾವುದೋ ಒಂದು ಧರ್ಮದ ರೋಗ ಅನ್ನುವವರಿಗೂ ನಾನು ಈ ಕಲಮನ್ನೇ ತೋರಿಸುವುದು.

ನಿಮ್ಮ ಮೇಲೆ ಕೈ ಮಾಡಿದವರು ಬೇರೆ ಮನೆಯವರು. ಏಟು ತಿಂದ ಮೇಲೆ ನೀವು ನಿಮ್ಮ ಮನೆಗೆ ಹೋದಿರಿ. ಆಸ್ಪತ್ರೆಯಲ್ಲಿ ಅಮ್ಮ ಹಾಸಿಗೆ ಪಕ್ಕ ಬಿಟ್ಟು ಕದಲಲಿಲ್ಲ ಎಂದು ನೀವೇ ಬರೆದಿದ್ದೀರಿ. ಅವಳ ಮೇಲೆ ಕೈ ಎತ್ತುವವರು ಅವಳ ಮನೆಯವರೇ. ಏಟು ತಿಂದ ಮೇಲೆ ಅವಳು ಯಾರ ಮನೆಗೆ ಹೋಗಬೇಕು?

ಪಾಕಿಸ್ತಾನದ ಸಿಂಧ್‌ನಲ್ಲಿ ಇದಕ್ಕೆ ‘ಕಾರೋ ಕಾರಿ’ ಅನ್ನುತ್ತಾರೆ. ಕಾರೋ ಅಂದರೆ ಕಪ್ಪಾದ ಗಂಡಸು, ಕಾರಿ ಅಂದರೆ ಕಪ್ಪಾದ ಹೆಂಗಸು. ಮಸಿ ಇಬ್ಬರಿಗೂ ಸಮ. ಆಮೇಲಿನದು ಸಮ ಅಲ್ಲ. ಕಾರಿ ಕೈಗೆ ಸಿಗುವಷ್ಟು ಹತ್ತಿರ, ಮನೆಯ ಒಳಗೇ ಇರುತ್ತಾಳೆ. ಕಾರೋ ಓಡಿಹೋಗಬಹುದು. ಅವನ ಕಡೆಯವರು ಪಂಚಾಯಿತಿ ಸೇರಿಸಿ ದಂಡ ಕಟ್ಟಿ ಅವನ ಜೀವ ಉಳಿಸಿಕೊಳ್ಳಬಹುದು. ಎಷ್ಟೋ ಸಲ ದಂಡದ ರೂಪದಲ್ಲಿ ಅವನ ಮನೆಯ ಹೆಣ್ಣುಮಗುವನ್ನೇ ಆ ಮನೆಗೆ ಮದುವೆ ಮಾಡಿ ಕೊಡುತ್ತಾರೆ. ಗಂಡಸು ಉಳಿದ, ಸರಿ. ಬೆಲೆ ತೆತ್ತವಳು ಯಾರು ಅಂತ ನೋಡಿದರೆ ಮತ್ತೆ ಒಬ್ಬ ಹುಡುಗಿ! ಜಮೀನಿನದೋ ಸಾಲದ್ದೋ ಜಗಳಕ್ಕೆ ವೈರಿಯನ್ನು ಕೊಂದು, ಆಮೇಲೆ ತಮ್ಮ ಮನೆಯ ಹೆಂಗಸೊಬ್ಬಳನ್ನೂ ಕೊಂದು, ಎರಡಕ್ಕೂ ಮರ್ಯಾದೆಯ ಹೆಸರು ಕೊಟ್ಟದ್ದೂ ಉಂಟು. ಅಲ್ಲಿ ಆ ಗಂಡಸಿಗೂ ಅವಳಿಗೂ ಪರಿಚಯವೇ ಇರುವುದಿಲ್ಲ.

ಹೊರಗಿನವನು ಅಂದ ಮಾತ್ರಕ್ಕೆ ಗಂಡಸಿನ ಜೀವ ಗಟ್ಟಿ ಅಂತಲ್ಲ. ಜಾತಿ ನಡುವೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. 2016ರಲ್ಲಿ ತಮಿಳುನಾಡಿನ ಉಡುಮಲಪೇಟೆಯಲ್ಲಿ ಒಬ್ಬ ದಲಿತ ಯುವಕನನ್ನು ಹಾಡಹಗಲೇ ನಡುಬೀದಿಯಲ್ಲಿ ಕೊಚ್ಚಿ ಕೊಂದರು. ಜೊತೆಗಿದ್ದ ಹೆಂಡತಿಗೂ ಗಾಯವಾಯಿತು, ಆಕೆ ಬದುಕಿದರು. ತನ್ನ ಹೆತ್ತವರ ವಿರುದ್ಧವೇ ಕೋರ್ಟಿನಲ್ಲಿ ನಿಂತರು.

ಗಂಡಸಿಗೆ ಸ್ವಂತ ಮನೆಯೇ ಎದುರಾಗುವುದೂ ಇದೆ. ಬ್ರಿಟನ್‌ನಲ್ಲಿ ಬಲವಂತದ ಮದುವೆ ತಡೆಯಲು ಸರ್ಕಾರದ್ದೇ ಒಂದು ಘಟಕ 2005ರಿಂದ ಕೆಲಸ ಮಾಡುತ್ತಿದೆ. ಅದರ ಮುಂದೆ ಬಂದ ಪ್ರಕರಣಗಳಲ್ಲಿ ಹಲವು ವರ್ಷ ಸುಮಾರು ಐದರಲ್ಲೊಂದು ಗಂಡಸರದ್ದಾಗಿತ್ತು. ಬುದ್ಧಿಮಾಂದ್ಯರ ಪ್ರಕರಣಗಳನ್ನಷ್ಟೇ ತೆಗೆದುಕೊಂಡರೆ ಅವರ ಪಾಲು ಇನ್ನೂ ಜಾಸ್ತಿ. ನಾವು ಹೋದ ಮೇಲೆ ಮಗನನ್ನು ನೋಡಿಕೊಳ್ಳಲು ಒಬ್ಬಳು ಬೇಕಲ್ಲ ಎಂದು ಹೆತ್ತವರು ಮದುವೆ ಮಾಡಿಬಿಡುತ್ತಾರೆ. ಗಂಡಸರನ್ನೇ ಪ್ರೀತಿಸುವ ಗಂಡಸರಿಗೂ ಇದೇ ಔಷಧಿ: ಮದುವೆ ಮಾಡು, ಸರಿಹೋಗುತ್ತಾನೆ. 2008ರಲ್ಲಿ ಇಸ್ತಾಂಬುಲ್‌ನಲ್ಲಿ ಅಂಥ ಒಬ್ಬ ಯುವಕ ಗುಂಡಿಗೆ ಬಲಿಯಾದ. ಆರೋಪ ಬಂದದ್ದು ಹೆತ್ತ ತಂದೆಯ ಮೇಲೆ. ಇಂಥವರು ಸಹಾಯ ಕೇಳಲು ಬಾಯಿಬಿಡುವುದೇ ಕಷ್ಟ. ‘ಗಂಡಸಾಗಿ ನಿನ್ನನ್ನ ಯಾರು ಬಲವಂತ ಮಾಡ್ತಾರೆ’ ಎಂಬ ಮಾತು ಮೊದಲು ಬರುತ್ತದೆ. ನಿಮಗೆ ಠಾಣೆಯಲ್ಲಿ ಸಿಕ್ಕ ನಗು ಇದೇ. ಹೆಂಗಸರಿಗೆ ಆಶ್ರಯಧಾಮಗಳು ಸಾಲುವುದಿಲ್ಲ. ಗಂಡಸರಿಗೆ ಬಹಳಷ್ಟು ಕಡೆ ಇಲ್ಲವೇ ಇಲ್ಲ.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ಥರದ ಹುಡುಗ. ಕೈಗೆ ಆಯುಧ ಕೊಡಿಸಿಕೊಂಡವನು. ಟರ್ಕಿಯಲ್ಲಿ ಶಿಕ್ಷೆ ಕಡಿಮೆಯಾಗಲಿ ಎಂದು ಮನೆಯವರೆಲ್ಲ ಸೇರಿ ಹದಿನೆಂಟು ತುಂಬದ ತಮ್ಮನನ್ನೇ ಮುಂದೆ ಬಿಟ್ಟ ಪ್ರಕರಣಗಳು ಇದ್ದವು. ಬಾಲ್ಯದಿಂದಲೂ ‘ಅಕ್ಕನ ಮೇಲೆ ಕಣ್ಣಿಡು’ ಎಂದೇ ಬೆಳೆದವನು ಅವನು. ಇಲ್ಲ ಅಂದರೆ ಅವನೂ ಗಂಡಸಲ್ಲ ಅನ್ನಿಸಿಕೊಳ್ಳಬೇಕು. ಅವನ ಅಪರಾಧ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ನಿಮ್ಮ ಕಾಲು ಮುರಿದ ಅಣ್ಣಂದಿರಲ್ಲಿ ಕಿರಿಯವನು ಆ ಹೊತ್ತಿಗೆ ಅಳುತ್ತಿದ್ದ ಎಂದು ನೀವು ಬರೆದದ್ದನ್ನು ನಾನು ಎರಡು ಸಲ ಓದಿದೆ.

ಹೆಂಗಸರೂ ಇದರಲ್ಲಿ ಕೈಜೋಡಿಸುತ್ತಾರಲ್ಲ ಎಂದು ಕೇಳಿದ್ದೀರಿ. ಹೌದು, ಜೋಡಿಸುತ್ತಾರೆ. ಫೋನ್ ಕಿತ್ತುಕೊಳ್ಳುವುದು, ಬಾಗಿಲಿಗೆ ಚಿಲಕ ಹಾಕುವುದು ಎಷ್ಟೋ ಸಲ ತಾಯಿಯೇ. ಮಗಳು ಹಾಗಾದರೆ ‘ನೀನು ಬೆಳೆಸಿದ್ದು’ ಎಂಬ ಮಾತು ಮೊದಲು ಬೀಳುವುದೂ ಆಕೆಯ ಮೇಲೇ.

ಈಗ ನಿಮ್ಮ ಪತ್ರದ ಕೊನೆಯ ಸಾಲಿಗೆ ಬರುತ್ತೇನೆ. ಕಾಲಿನ ಬಗ್ಗೆ ಎರಡು ಪುಟ ಬರೆದಿದ್ದೀರಿ, ಬರೆಯಬೇಕಾದದ್ದೇ. ಅವಳ ಬಗ್ಗೆ ಇರುವುದು ಒಂದೇ ಸಾಲು: ‘ಆಮೇಲೆ ಅವಳಿಗೆ ಬೇರೆ ಕಡೆ ಮದುವೆಯಾಯಿತು.’

ಆಯಿತು ಅಂದರೆ? ಯಾರು ಮಾಡಿದರು? ಅವಳು ಹೂಂ ಅಂದಳಾ? ನಿಮ್ಮ ಕಾಲು ಮುರಿದ ದಿನಕ್ಕೂ ಆ ಮದುವೆಗೂ ನಡುವೆ ಹನ್ನೊಂದು ವಾರ ಎಂದು ನಿಮ್ಮ ಪತ್ರದ ಲೆಕ್ಕವೇ ಹೇಳುತ್ತದೆ. ಆ ಹನ್ನೊಂದು ವಾರ ಅವಳು ಎಲ್ಲಿದ್ದಳು? ನಿಮಗೆ ಗೊತ್ತಾಗುವ ದಾರಿ ಇರಲಿಲ್ಲ, ನಿಮ್ಮನ್ನು ದೂರುತ್ತಿಲ್ಲ. ಆದರೆ ನಿಮ್ಮ ಗಾಯಕ್ಕೆ ಎಕ್ಸ್‌ರೇ ಇದೆ, ಆಸ್ಪತ್ರೆಯ ಚೀಟಿ ಇದೆ. ಅವಳದ್ದಕ್ಕೆ ಲಗ್ನಪತ್ರಿಕೆ ಬಿಟ್ಟರೆ ಏನೂ ಇಲ್ಲ.

ನಿಮ್ಮ ಅನುಭವವನ್ನು ಲೇಖನ ಮಾಡಿ ಕಳಿಸಲೇ ಎಂದು ಕೇಳಿದ್ದೀರಿ. ಖಂಡಿತ ಕಳಿಸಿ, ಮುಂದಿನ ಸಂಚಿಕೆಗೇ ಹಾಕುತ್ತೇವೆ. ಒಂದು ಕೆಲಸ ಮಾತ್ರ ಮಾಡಿ. ಅವಳು ಓದಿದ ವಿಷಯ, ಮದುವೆಯ ತಿಂಗಳು, ಅಣ್ಣಂದಿರ ಉದ್ಯೋಗ, ಎಲ್ಲವನ್ನೂ ತೆಗೆದುಬಿಡಿ. ಹಳೆಯ ಕಥೆ, ಈಗೇನಾಗುತ್ತೆ ಅನ್ನಬೇಡಿ. ಸ್ವೀಡನ್‌ನ ಫಾದಿಮೆ ಶಾಹಿಂದಾಲ್ ಮನೆ ಬಿಟ್ಟು ವರ್ಷಗಳೇ ಆಗಿದ್ದವು. 2001ರ ನವೆಂಬರಿನಲ್ಲಿ ಸಂಸತ್ ಭವನದಲ್ಲಿ ನಿಂತು ತನ್ನ ಕಥೆ ಹೇಳಿದ್ದಳು. ಎರಡು ತಿಂಗಳ ಮೇಲೆ ಅಮ್ಮನನ್ನೂ ಅಕ್ಕತಂಗಿಯರನ್ನೂ ನೋಡಲು ಬಂದಾಗ ತಂದೆ ಅವಳನ್ನು ಗುಂಡಿಟ್ಟು ಕೊಂದ.

ನಮ್ಮ ಪತ್ರಿಕೆ ಅವಳ ಈಗಿನ ಮನೆಗೂ ಹೋಗುತ್ತಿರಬಹುದು.

ಇಂತಿ,
ಸಂಪಾದಕ